ಸ್ಪರ್ಧೆಯ ಗುಂಡು, ಸೆಕೆಂಡ್ಸ್ ಮಾಲು: ಬಿಲ್ಲಿನಲ್ಲಿ ದೋಷದ ಹೆಸರೂ ಇರಲಿ

ಕಾರ್ಖಾನೆಯು ತನ್ನ ಮೊದಲ ದರ್ಜೆಯ ಮುದ್ರೆಗೆ ಅರ್ಹವಲ್ಲವೆಂದು ತೆಗೆದಿರಿಸಿದ ಮಾಲಿಗೆ ನಮ್ಮ ಪೇಟೆಯಲ್ಲಿ ‘ಸೆಕೆಂಡ್ಸ್’ ಎಂದು ಹೆಸರು. ಹುಮನಾಬಾದ್, ಬಸವಕಲ್ಯಾಣ ಭಾಗದಲ್ಲಿ ಇಂತಹ ಮಾಲನ್ನು ಒಮ್ಮೆಯೂ ಕೊಳ್ಳದ ವರ್ತಕರು ಅಥವಾ ಕಿರು ಉದ್ದಿಮೆದಾರರು ವಿರಳ. ಹೈದರಾಬಾದಿನ ಕಡೆಯಿಂದ ತಗಡು, ಪೈಪು, ಪ್ಲಾಸ್ಟಿಕ್ ಕಾಳು ಬರುತ್ತವೆ. ಸೊಲ್ಲಾಪುರದ ಕಡೆಯಿಂದ ಚಾದರ, ಟವೆಲ್ಲು ಬರುತ್ತವೆ. ಮಾಲು ಇಳಿದ ದಿನ ಇಬ್ಬರಿಗೂ ಸಂತೋಷ. ಹದಿನೈದು ದಿನಗಳ ನಂತರ ಕೊಂಡವರು ಫೋನು ಮಾಡುತ್ತಾರೆ, ಮಾರಿದವರು ‘ಸೆಕೆಂಡ್ಸ್ ಎಂದು ಹೇಳಿಯೇ ಕೊಟ್ಟಿದ್ದೆವಲ್ಲ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ‘ಸೆಕೆಂಡ್ಸ್’ ಎಂಬ ಒಂದೇ ಶಬ್ದದಿಂದ ಇಬ್ಬರೂ ಗ್ರಹಿಸಿದ ಅರ್ಥ ಬೇರೆ ಬೇರೆಯಾಗಿತ್ತು.

ಈ ವಿಷಯವನ್ನು ವಿವೇಚಿಸಲು, ನಮ್ಮಲ್ಲಿ ಯಾರೂ ಮಾಡದ ಮತ್ತು ಮಾಡಲೂ ಆಗದ ಒಂದು ವ್ಯಾಪಾರವನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅದು ರೈಫಲ್ ಗುಂಡಿನ ವ್ಯಾಪಾರ. ಬುಲೆಟ್ ಎಂದರೆ ಮೋಟಾರು ಸೈಕಲ್ಲೇ ಮೊದಲು ನೆನಪಾಗುವ ನಮ್ಮ ಊರಿನಲ್ಲಿ ಈ ಉದಾಹರಣೆ ವಿಚಿತ್ರವಾಗಿ ತೋರಬಹುದು. ಆದರೂ ಇದನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಬಟ್ಟೆಯ ದೋಷವನ್ನು ಕಣ್ಣು ಕ್ಷಮಿಸೀತು, ತಗಡಿನ ದೋಷವನ್ನು ಬಣ್ಣ ಮುಚ್ಚೀತು. ಗುಂಡಿನ ದೋಷ ಮಾತ್ರ ಗುರಿ ಹಲಗೆಯ ಮೇಲೆ ಅಚ್ಚಾಗಿ ಮೂಡುತ್ತದೆ. ಆದ್ದರಿಂದಲೇ ಆ ವ್ಯಾಪಾರದಲ್ಲಿ ಮೊದಲ ದರ್ಜೆ ಯಾವುದು, ಎರಡನೆಯದು ಯಾವುದು, ಏಕೆ ಎಂಬ ಪ್ರಶ್ನೆಗಳಿಗೆ ಮಾರುವವರೂ ಕೊಳ್ಳುವವರೂ ಉತ್ತರ ಹುಡುಕಲೇಬೇಕಾಯಿತು.

ಅಮೆರಿಕ ಮೊದಲಾದ ಕೆಲವು ದೇಶಗಳಲ್ಲಿ ಗುರಿಕಾರರು ಸಿದ್ಧ ತೋಟಾಗಳನ್ನು ಕೊಳ್ಳುವ ಬದಲು ಹಿತ್ತಾಳೆಯ ಕೋಶ, ಪ್ರೈಮರ್, ಮದ್ದು, ಗುಂಡು ಇವನ್ನು ಬಿಡಿಬಿಡಿಯಾಗಿ ಕೊಂಡು ತಾವೇ ತೋಟಾ ಸಿದ್ಧಪಡಿಸಿಕೊಳ್ಳುವ ಪದ್ಧತಿ ಇದೆ. ಅಲ್ಲಿ ಅದು ಕಾನೂನುಬದ್ಧ ಹವ್ಯಾಸ. ಹೀಗಾಗಿ ಗುಂಡೊಂದನ್ನೇ ತಯಾರಿಸಿ ಡಬ್ಬಿಯಲ್ಲಿ ಮಾರುವ ಕಾರ್ಖಾನೆಗಳು ಬೆಳೆದಿವೆ. ಸಿಯೆರಾ ಸಂಸ್ಥೆ 1947ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾಗಿ 1990ರಲ್ಲಿ ಮಿಸೌರಿ ರಾಜ್ಯದ ಸೆಡಾಲಿಯಾ ಪಟ್ಟಣಕ್ಕೆ ಸ್ಥಳಾಂತರಗೊಂಡಿತು. ಆರೆಗಾನ್ ರಾಜ್ಯದ ನಾಸ್ಲರ್ 1948ರದು, ನೆಬ್ರಾಸ್ಕಾದ ಹಾರ್ನಡಿ 1949ರದು. ಫಿನ್ಲೆಂಡಿನ ಲಾಪುವಾ ಇವೆಲ್ಲಕ್ಕಿಂತ ಹಳೆಯದು, 1923ರದು. ಎಲ್ಲವೂ ನಮ್ಮ ಹುಮನಾಬಾದಿನಂತಹ ಸಣ್ಣ ಊರುಗಳಲ್ಲಿಯೂ ಬೇರೂರಬಲ್ಲ ಉದ್ದಿಮೆಗಳೆಂಬುದನ್ನು ಗಮನಿಸಬೇಕು.

ಸ್ಪರ್ಧೆಗೆಂದು ತಯಾರಾಗುವ ಗುಂಡಿಗೆ ‘ಮ್ಯಾಚ್’ ಗುಂಡು ಎನ್ನುತ್ತಾರೆ. ಹೊರಗೆ ಶೇಕಡಾ 95ರಷ್ಟು ತಾಮ್ರವಿರುವ ಮಿಶ್ರಲೋಹದ ತೆಳು ಕವಚ, ಒಳಗೆ ಸೀಸದ ತಿರುಳು. ತೂಕವನ್ನು ಗ್ರೇನ್ ಎಂಬ ಅಳತೆಯಲ್ಲಿ ಹೇಳುತ್ತಾರೆ; ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಅರ್ಧ ಗುಲಗಂಜಿ. ಸಿಯೆರಾದ ಹೆಸರಾಂತ 168 ಗ್ರೇನಿನ ಮ್ಯಾಚ್ ಗುಂಡು ಸುಮಾರು 10.9 ಗ್ರಾಂ ತೂಗುತ್ತದೆ. ಒಂದೇ ಡಬ್ಬಿಯ ಗುಂಡುಗಳ ನಡುವೆ ಗ್ರೇನಿನ ಹತ್ತನೇ ಒಂದರಷ್ಟು ವ್ಯತ್ಯಾಸವನ್ನೂ ಕೊಳ್ಳುವವರು ತೂಗಿ ನೋಡುತ್ತಾರೆ. 300 ಮೀಟರ್ ರೈಫಲ್ ಸ್ಪರ್ಧೆಯ ಗುರಿ ಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 100 ಮಿಲಿಮೀಟರ್ ಮಾತ್ರ. ಅಷ್ಟು ದೂರದಿಂದ ಅಷ್ಟು ಕಿರಿದಾದ ವೃತ್ತದಲ್ಲಿ ಎಲ್ಲ ಗುಂಡುಗಳೂ ಬೀಳಬೇಕಾದರೆ, ಗುಂಡು ಶ್ರೇಷ್ಠವಾಗಿರುವುದಕ್ಕಿಂತಲೂ ಪ್ರತಿ ಗುಂಡೂ ಹಿಂದಿನದರಂತೆಯೇ ಇರುವುದು ಮುಖ್ಯ.

ಇಲ್ಲೊಂದು ಸ್ವಾರಸ್ಯವಿದೆ. ಬಹುಪಾಲು ಮ್ಯಾಚ್ ಗುಂಡುಗಳ ತುದಿಯಲ್ಲಿ ಸಣ್ಣ ರಂಧ್ರವಿರುತ್ತದೆ, ಅದರ ಅಂಚು ಒರಟಾಗಿಯೂ ಇರಬಹುದು. ಮೊದಲ ಬಾರಿಗೆ ನೋಡಿದವರು ಇದನ್ನೇ ಸೆಕೆಂಡ್ಸ್ ಎಂದು ಭಾವಿಸಿದರೆ ಆಶ್ಚರ್ಯವಿಲ್ಲ. ಕವಚವನ್ನು ಬಾಲದ ಕಡೆ ಮುಚ್ಚಿ ತುದಿಯ ಕಡೆ ತೆರೆದು ತಯಾರಿಸುವುದರಿಂದ ಆ ರಂಧ್ರ ಉಳಿಯುತ್ತದೆ. ಹೀಗೆ ಮಾಡಿದಾಗ ಬಾಲದ ಅಂಚು ಒಂದೇ ಸಮನಾಗಿ ಬರುತ್ತದೆ. ಗುಂಡಿನ ನೇರಗತಿಗೆ ತುದಿಗಿಂತ ಬಾಲವೇ ಹೆಚ್ಚು ಮುಖ್ಯ. ಮತ್ತೊಂದೆಡೆ ಕನ್ನಡಿಯಂತೆ ಹೊಳೆಯುವ ಗುಂಡೊಂದರ ಕವಚ ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳುವಾಗಿದ್ದರೆ ಅದು ತಿರುಗುವಾಗಲೇ ಓಲಾಡುತ್ತದೆ. ಮುಖ ನೋಡಿ ಮಣೆ ಹಾಕುವವರಿಗೆ ಈ ವ್ಯಾಪಾರದಲ್ಲಿ ನಷ್ಟ ನಿಶ್ಚಿತ.

ಇನ್ನು ಸೆಕೆಂಡ್ಸ್ ವಿಚಾರ. ಕಾರ್ಖಾನೆಯ ತಪಾಸಣೆಯಲ್ಲಿ ಹಿಂದೆ ಸರಿದ ಗುಂಡುಗಳು ಕಡಿಮೆ ದರಕ್ಕೆ ಮಾರಾಟವಾಗುತ್ತವೆ. ನಾಸ್ಲರ್ ಸಂಸ್ಥೆಯಂತೂ ತೋರಿಕೆಯ ದೋಷವುಳ್ಳ ಗುಂಡುಗಳನ್ನು ಹಾಗೆಂದೇ ಹೇಳಿ ಮಾರುತ್ತದೆ. ನೀರಿನ ಕಲೆ, ತಾಮ್ರದ ಬಣ್ಣಗೇಡು, ತುದಿಗೆ ತಗಲಿದ ಪೆಟ್ಟು, ಇವು ಒಂದು ಬಗೆ. ತೂಕ ಅಥವಾ ಉದ್ದ ಅಳತೆಗೆ ಹೊಂದದಿರುವುದು ಎರಡನೆಯ ಬಗೆ. ಬೇರೆ ಬೇರೆ ದಿನಗಳ ಉಳಿಕೆಯನ್ನು ಒಂದೇ ಚೀಲಕ್ಕೆ ಸುರಿದದ್ದು ಮೂರನೆಯದು. ಇವಲ್ಲದೆ ಹಳೆಯ ಸೈನಿಕ ತೋಟಾಗಳನ್ನು ಬಿಚ್ಚಿ ತೆಗೆದ ಗುಂಡುಗಳೂ ಪೇಟೆಗೆ ಬರುತ್ತವೆ. ಅವುಗಳ ಮೇಲೆ ಇಕ್ಕಳದ ಗುರುತು ಇರುತ್ತದೆ, ಅವನ್ನು ‘ಕಿತ್ತ ಗುಂಡು’ ಎಂಬರ್ಥದ ಪ್ರತ್ಯೇಕ ಹೆಸರಿನಿಂದಲೇ ಮಾರುತ್ತಾರೆ. ಎಲ್ಲ ಮಾರಾಟಗಾರರೂ ಈ ಭೇದಗಳನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆಂದು ನಾನು ಹೇಳಲಾರೆ. ಆದರೆ ಅನುಭವಿ ಗಿರಾಕಿಯು ದರ ಕೇಳುವ ಮೊದಲೇ ‘ದೋಷ ಯಾವುದು, ಒಂದೇ ಲಾಟೋ ಮಿಶ್ರವೋ’ ಎಂದು ಕೇಳುತ್ತಾನೆ. ಕಲೆಯ ಗುಂಡು ಅಭ್ಯಾಸಕ್ಕೆ ಧಾರಾಳವಾಗಿ ಸಾಕು. ತೂಕ ತಪ್ಪಿದ್ದನ್ನು ತೂಗಿ ವಿಂಗಡಿಸಿಕೊಳ್ಳಬಹುದು. ಲಾಟ್ ಮಿಶ್ರವಾದುದು ಮಾತ್ರ ಸ್ಪರ್ಧೆಗೆ ನಿರುಪಯೋಗಿ. ಏಕೆಂದರೆ ಮೊದಲ ದರ್ಜೆಯ ಎರಡು ಲಾಟ್‌ಗಳನ್ನು ಬೆರೆಸಿದರೂ ಎರಡೂ ಬೇರೆ ಬೇರೆ ಕಡೆ ಬೀಳುವ ಸಂಭವವಿದೆ. ಒಳ್ಳೆಯದಕ್ಕೆ ಒಳ್ಳೆಯದನ್ನೇ ಬೆರೆಸಿದರೂ ಎರಡನೇ ದರ್ಜೆ ಹುಟ್ಟುತ್ತದೆಂಬ ಈ ಮಾತು ತಗಡಿಗೂ ಬಣ್ಣಕ್ಕೂ ನೂಲಿಗೂ ಅಷ್ಟೇ ಸತ್ಯ.

ಲಾಟ್‌ಗೆ ಅವರು ಕೊಡುವ ಬೆಲೆಯನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಆ ಸ್ಪರ್ಧೆಯ .22 ತೋಟಾವನ್ನು ಕೈಯಲ್ಲಿ ತುಂಬಲಾಗದು, ಕಾರ್ಖಾನೆಯದ್ದೇ ಆಗಬೇಕು. ಆದ್ದರಿಂದ ಉನ್ನತ ಮಟ್ಟದ ಶೂಟರ್‌ಗಳು ಲಾಟ್ ಆಯ್ಕೆಯ ಮೊರೆ ಹೋಗುತ್ತಾರೆ. ಜರ್ಮನಿಯ ಶೋನೆಬೆಕ್‌ನಲ್ಲಿ ಲಾಪುವಾ ಸಂಸ್ಥೆ ಇದಕ್ಕೆಂದೇ ಪರೀಕ್ಷಾ ಕೇಂದ್ರವನ್ನು ಇರಿಸಿಕೊಂಡಿದೆ. ಶೂಟರ್ ತನ್ನ ರೈಫಲ್ಲನ್ನು ಅಲ್ಲಿಗೆ ಒಯ್ದು, ಹಲವು ಲಾಟ್‌ಗಳನ್ನು ಹಾರಿಸಿ ನೋಡಿ, ತನ್ನ ನಳಿಗೆಗೆ ಒಗ್ಗಿದ ಲಾಟನ್ನೇ ಕೊಳ್ಳುತ್ತಾನೆ. ಎಲ್ಲವೂ ಮೊದಲ ದರ್ಜೆಯವೇ. ಆದರೂ ಲಾಟ್ ಸಂಖ್ಯೆ ಇಲ್ಲದ ತೋಟಾಕ್ಕೆ ಅವನಲ್ಲಿ ಬೆಲೆಯಿಲ್ಲ.

ಮುಂದುವರಿಯುವ ಮೊದಲು ಒಂದು ಎಚ್ಚರಿಕೆಯ ಮಾತು ಅವಶ್ಯ. ವಿದೇಶಿ ಮಾರಾಟಗಾರರ ಪಟ್ಟಿಗಳಲ್ಲಿ ಬಿಡಿ ಗುಂಡು, ಖಾಲಿ ಕೋಶಗಳನ್ನು ಕಂಡು ‘ಇದರಲ್ಲಿ ಮದ್ದೇ ಇಲ್ಲವಲ್ಲ, ಬರೀ ತಾಮ್ರ, ಸೀಸ’ ಎಂದು ಯಾರೂ ತರಿಸುವ ಸಾಹಸ ಮಾಡಬಾರದು. ನಮ್ಮ 1959ರ ಶಸ್ತ್ರಾಸ್ತ್ರ ಅಧಿನಿಯಮದ 2ನೇ ಪ್ರಕರಣದ ವ್ಯಾಖ್ಯೆಯಲ್ಲಿ ಮದ್ದುಗುಂಡಿನ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ‘ಮದ್ದುಗುಂಡು’ ಎಂದೇ ಪರಿಗಣಿತ. ಪರವಾನಗಿ ಇಲ್ಲದೆ ತಯಾರಿಸುವುದು, ಮಾರುವುದು ಘೋರ ಅಪರಾಧ. 2019ರ ತಿದ್ದುಪಡಿಯ ನಂತರ ಶಿಕ್ಷೆ ಇನ್ನೂ ಕಠಿಣವಾಗಿದೆ. ನಮ್ಮ ಊರನ್ನು ಹಾಯುವ ರಾಷ್ಟ್ರೀಯ ಹೆದ್ದಾರಿ 65ರ ಆ ತುದಿಯಲ್ಲಿ, ಪುಣೆಯ ಖಡ್ಕಿಯಲ್ಲಿ, 1869ರಿಂದ ಮದ್ದುಗುಂಡು ಕಾರ್ಖಾನೆ ಇದೆ. 2021ರ ಅಕ್ಟೋಬರ್ 1ರಿಂದ ಅದು ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಯ ಅಧೀನದಲ್ಲಿದೆ. ಅಲ್ಲಿಂದ ಸೆಕೆಂಡ್ಸ್ ಮಾಲು ನಮ್ಮ ಪೇಟೆಗೆ ಬರುವ ಪ್ರಶ್ನೆಯೇ ಇಲ್ಲ. ಗುಜರಿ ವ್ಯಾಪಾರಿ ಬಂಧುಗಳೂ ಹಿತ್ತಾಳೆಯ ರಾಶಿಯಲ್ಲಿ ತೋಟಾದ ಕೋಶಗಳು ಕಂಡರೆ ತಕ್ಕಡಿಗೆ ಹಾಕುವ ಮೊದಲು ಪೊಲೀಸ್ ಠಾಣೆಗೆ ತಿಳಿಸುವುದು ಕ್ಷೇಮ. 2004ರಲ್ಲಿ ಘಾಜಿಯಾಬಾದ್ ಸಮೀಪದ ಉಕ್ಕಿನ ಕಾರ್ಖಾನೆಯೊಂದರಲ್ಲಿ ವಿದೇಶದಿಂದ ಬಂದ ಗುಜರಿಯೊಳಗೆ ಅಡಗಿದ್ದ ಸಿಡಿತಲೆಗಳು ಸ್ಫೋಟಿಸಿ ಕಾರ್ಮಿಕರು ಸತ್ತುದನ್ನು ಹಿರಿಯ ಸದಸ್ಯರು ಮರೆತಿರಲಾರರು. ಎಲ್ಲಿಂದ ಬಂತು, ಏಕೆ ಬಂತು ಎಂದು ಕೇಳದೆ ತೂಕಕ್ಕೆ ಕೊಂಡ ಮಾಲು ಅದಾಗಿತ್ತು.

ನಮ್ಮ ಪೇಟೆಗೆ ಮರಳೋಣ. ನಮ್ಮಲ್ಲಿ ದರ್ಜೆಯ ವಿವೇಕ ಇಲ್ಲವೇ ಇಲ್ಲವೆಂದೇನೂ ಅಲ್ಲ. ತೊಗರಿಯ ವ್ಯಾಪಾರವನ್ನೇ ನೋಡಿರಿ. ಬೇಳೆ ಮಿಲ್ಲಿನಿಂದ ಹೊರಬರುವ ಪ್ರತಿಯೊಂದಕ್ಕೂ ಹೆಸರಿದೆ: ಫಟಕಾ ಬೇಳೆ, ಸಾದಾ ಬೇಳೆ, ನುಚ್ಚು, ದನಕ್ಕೆ ಹಾಕುವ ಚುನಿ, ಹೊಟ್ಟು. ಪ್ರತಿ ಹೆಸರಿಗೂ ಅದರದೇ ದರ, ಅದರದೇ ಗಿರಾಕಿ. ನುಚ್ಚನ್ನು ಮಾರುವವರು ತಲೆ ತಗ್ಗಿಸುವುದಿಲ್ಲ, ಕೊಳ್ಳುವವರು ಮೋಸ ಹೋದೆವೆನ್ನುವುದಿಲ್ಲ. ಅದೇ ವರ್ತಕರು ತಗಡಿನ ಅಂಗಡಿಗೆ ಕಾಲಿಟ್ಟೊಡನೆ ಎಲ್ಲ ದೋಷಗಳಿಗೂ ‘ಸೆಕೆಂಡ್ಸ್’ ಎಂಬ ಒಂದೇ ಹೆಸರನ್ನು ಒಪ್ಪಿಕೊಂಡುಬಿಡುತ್ತಾರೆ. ಬೇಳೆಯಲ್ಲಿ ಇಷ್ಟು ಜಾಣರಾದ ನಾವು ಕಬ್ಬಿಣದಲ್ಲಿ ಏಕೆ ಇಷ್ಟು ಉದಾರಿಗಳೋ ತಿಳಿಯದು.

ನನಗೆ ಪರಿಚಿತರಾದ ಕಿರು ಉದ್ದಿಮೆದಾರರೊಬ್ಬರು ಧಾನ್ಯದ ಡ್ರಮ್ಮುಗಳನ್ನು ತಯಾರಿಸುತ್ತಾರೆ. ‘ಬಿಳಿ ತುಕ್ಕಿನ ಕಲೆ ಮಾತ್ರ’ ಎಂಬ ಬಾಯಿಮಾತಿನ ಮೇಲೆ ಅವರು ಸತು ಲೇಪಿತ ತಗಡನ್ನು ಕೊಂಡರು. ಕಲೆ ನಿಜವಾಗಿಯೂ ಇತ್ತು. ಆದರೆ ಅದೇ ಕಟ್ಟಿನಲ್ಲಿ ಅರ್ಧ ಮಿಲಿಮೀಟರಿನ ಹಾಳೆಗಳ ನಡುವೆ ತೆಳುವಾದ ಹಾಳೆಗಳೂ ಬೆರೆತಿದ್ದವು. ಮಡಿಕೆ ಕೂರಲಿಲ್ಲ, ಹೊಲಿಗೆ ಬಿಟ್ಟಿತು, ರೈತರು ಡ್ರಮ್ಮುಗಳನ್ನು ಹಿಂದಿರುಗಿಸಿದರು. ಬಿಲ್ಲಿನಲ್ಲಿ ಇದ್ದ ಬರಹ ಇಷ್ಟೇ: ‘ಸೆಕೆಂಡ್ಸ್ ತಗಡು, ಇದ್ದಂತೆಯೇ’. ಕಾರ್ಖಾನೆಯ ತಪಾಸಣೆಗಾರನಿಗೆ ಯಾವ ಹಾಳೆ ಏಕೆ ಹಿಂದೆ ಬಿತ್ತೆಂಬುದು ಖಚಿತವಾಗಿ ತಿಳಿದಿತ್ತು. ಮೊದಲ ದಲ್ಲಾಳಿಯ ಗೋದಾಮಿನಲ್ಲಿ ಆ ಚೀಟಿ ಹರಿಯಿತು, ಎರಡನೆಯವರಲ್ಲಿ ಎರಡು ಕಟ್ಟುಗಳು ಒಂದಾದವು, ಮೂರನೆಯವರಿಗೆ ನಿಜವಾಗಿಯೂ ಏನೂ ತಿಳಿದಿರಲಿಲ್ಲ. ಕೊನೆಯಲ್ಲಿ ಮಾರಿದವರನ್ನು ವಂಚಕರೆನ್ನಲು ನನಗೆ ಮನಸ್ಸಿಲ್ಲ. ದಾರಿಯಲ್ಲಿ ಕಳೆದುಹೋದದ್ದು ಮಾಲಿನ ಗುಣವಲ್ಲ, ಅದರ ಬಗೆಗಿನ ತಿಳಿವಳಿಕೆ. ಸೆಕೆಂಡ್ಸ್ ವ್ಯಾಪಾರದಲ್ಲಿ ಹಣ ತೆರುವುದು ಬಹುಮಟ್ಟಿಗೆ ಆ ತಿಳಿವಳಿಕೆಗೇ.

ಅಗ್ಗವೆಂಬುದರ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬೇಕು. ಮೊದಲ ದರ್ಜೆಯ ನಗಕ್ಕೆ 100 ರೂಪಾಯಿ, ಸೆಕೆಂಡ್ಸ್‌ಗೆ 70 ಎಂದಿಟ್ಟುಕೊಳ್ಳೋಣ. ನೂರು ನಗಕ್ಕೆ 7,000 ರೂಪಾಯಿ ಕೊಟ್ಟು ತಂದು, 20 ಹಾಳೆಂದು ತೆಗೆದರೆ ಉಳಿದ 80ರ ಪ್ರತಿ ನಗಕ್ಕೆ 87.50 ಬಿತ್ತು. ವಿಂಗಡಿಸುವ ಕೂಲಿ ನಗಕ್ಕೆ 5 ರೂಪಾಯಿಯಂತೆ 500 ಸೇರಿಸಿದರೆ 93.75. ಹಾಳು 25ಕ್ಕೆ ಏರಿದರೆ ಸರಿಯಾಗಿ 100. ಅಲ್ಲಿಂದ ಮುಂದೆ ಪ್ರತಿ ನಗವೂ ಮೊದಲ ದರ್ಜೆಗಿಂತ ದುಬಾರಿ. ಮಾರಿದ ನಂತರ ಗಿರಾಕಿ ಹಿಂದಿರುಗಿಸಿದ ವಸ್ತುವಿನ ಖರ್ಚು ಇದರಲ್ಲಿ ಸೇರಿಲ್ಲ. ದೋಷ ಕಲೆಯದೆಂದು ಖಚಿತವಾಗಿದ್ದರೆ ಹಾಳು ಒಂದೆರಡಕ್ಕೆ ನಿಲ್ಲುತ್ತದೆ, 70ರ ದರ ನಿಜಕ್ಕೂ ಲಾಭದಾಯಕ. ಅಳತೆಯ ದೋಷವಾದರೆ 70 ಕೂಡ ಹೆಚ್ಚೇ. ಒಂದೇ ದರದಲ್ಲಿ ಎರಡನ್ನೂ ಕೊಳ್ಳುವವರು ಚೌಕಾಸಿಯಲ್ಲಿ ಉಳಿಸಿದ್ದನ್ನು ಕಾರ್ಯಾಗಾರದಲ್ಲಿ ಕಳೆದುಕೊಳ್ಳುತ್ತಾರೆ.

ಬಿಲ್ಲಿನಲ್ಲಿ ದೋಷವನ್ನು ಬರೆಯಲು ಮಾರುವವರು ಹಿಂಜರಿಯುವುದು ಸಹಜ. ಬರೆದರೆ ಗಿರಾಕಿ ದರವನ್ನು ಇನ್ನಷ್ಟು ಜಗ್ಗುತ್ತಾರೆ, ನಾಳೆ ಅದನ್ನೇ ಹಿಡಿದು ತಕರಾರು ತೆಗೆಯುತ್ತಾರೆ ಎಂಬ ಭಯ. ಕಾನೂನು ಹೇಳುವುದು ಇದಕ್ಕೆ ವಿರುದ್ಧ. 1930ರ ಸರಕು ಮಾರಾಟ ಅಧಿನಿಯಮದ 15ನೇ ಪ್ರಕರಣದಂತೆ, ವರ್ಣನೆಯ ಮೇಲೆ ಮಾರಿದ ಸರಕು ಆ ವರ್ಣನೆಗೆ ಹೊಂದಬೇಕು. ‘ಸತು ಲೇಪಿತ ತಗಡು’ ಎಂದಷ್ಟೇ ಬರೆದವರು ಒಳ್ಳೆಯ ತಗಡನ್ನೇ ಕೊಡಲು ಬದ್ಧರಾಗುತ್ತಾರೆ. ‘ಬಿಳಿ ತುಕ್ಕಿನ ಕಲೆಯುಳ್ಳ ತಗಡು’ ಎಂದು ಬರೆದವರ ಮೇಲೆ ಆ ಕಲೆಯ ಕಾರಣಕ್ಕೆ ಯಾರೂ ಬೆರಳು ತೋರಲಾರರು. 16ನೇ ಪ್ರಕರಣದಂತೆ ಕೊಳ್ಳುವವರು ಮಾಲನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಲೇಬೇಕಾಗಿದ್ದ ದೋಷದ ಬಗ್ಗೆ ಅನಂತರ ತಕರಾರಿಲ್ಲ. ಮಾದರಿ ತೋರಿಸಿ ಮಾರಿದರೆ 17ನೇ ಪ್ರಕರಣದಂತೆ ಇಡೀ ಮಾಲು ಮಾದರಿಗೆ ಸಮನಾಗಿರಬೇಕು. ಒಟ್ಟಿನಲ್ಲಿ ದೋಷದ ಹೆಸರು ಮಾರುವವರಿಗೇ ಕವಚ. ಜಿಎಸ್‌ಟಿ ದೃಷ್ಟಿಯಿಂದಲೂ ಕಡಿಮೆ ದರಕ್ಕೆ ಬಿಲ್ಲಿನಲ್ಲಿಯೇ ಕಾರಣ ಕಂಡುಬಂದರೆ ಅಧಿಕಾರಿಗಳ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ. ತಿಂಗಳ ನಂತರ ಜಗಳವಾಡಿ ಕ್ರೆಡಿಟ್ ನೋಟ್ ಬರೆಯುವ ತೊಡಕೂ ತಪ್ಪುತ್ತದೆ.

ಕೊಳ್ಳುವವರ ತಪ್ಪೂ ಕಡಿಮೆಯದಲ್ಲ. ಸೆಕೆಂಡ್ಸ್ ದರಕ್ಕೆ ಕೊಂಡು ಮೊದಲ ದರ್ಜೆಯ ಮುದ್ರೆಯಡಿ ಮಾರುವ ಆಸೆಯುಳ್ಳವರೇ ‘ಬಿಲ್ಲಿನಲ್ಲಿ ಸೆಕೆಂಡ್ಸ್ ಎಂದು ಬರೆಯಬೇಡಿ’ ಎಂದು ಒತ್ತಾಯಿಸುವುದುಂಟು. ಹಾಗೆ ಒತ್ತಾಯಿಸಿದವರಿಗೆ ಮುಂದೆ ನಷ್ಟವಾದಾಗ ಸಂಸ್ಥೆಯ ಕಚೇರಿಗೆ ದೂರು ತರುವ ನೈತಿಕ ಹಕ್ಕು ಇದೆಯೆಂದು ನನಗೆ ಅನಿಸುವುದಿಲ್ಲ.

ನಮ್ಮ ವಾಣಿಜ್ಯ ಸಂಸ್ಥೆಯು ಈ ದಿಸೆಯಲ್ಲಿ ಮಾಡಬಹುದಾದ ಕೆಲಸ ಸಣ್ಣದು. ಸದಸ್ಯರು ಸೆಕೆಂಡ್ಸ್ ಮಾಲಿಗೆ ಬಿಲ್ಲು ಬರೆಯುವಾಗ ಮೂರು ಸಾಲುಗಳನ್ನು ಕಡ್ಡಾಯವಾಗಿ ತುಂಬುವ ರೂಢಿಯನ್ನು ತರಬೇಕು: ದೋಷ ತೋರಿಕೆಯದೋ ಅಳತೆಯದೋ, ಲಾಟ್ ಒಂದೋ ಮಿಶ್ರವೋ, ಮಾರಿದವರು ಸ್ವತಃ ಪರೀಕ್ಷಿಸಿದ್ದಾರೋ ಇಲ್ಲವೋ. ಮೂರನೆಯದಕ್ಕೆ ‘ಇಲ್ಲ’ ಎಂದು ಬರೆಯುವುದರಲ್ಲಿ ಅವಮಾನವಿಲ್ಲ; ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬರೆದ ಮಾಲಿಗೂ ಒಂದು ದರವಿದೆ, ಅದನ್ನು ಕೊಳ್ಳುವ ಧೈರ್ಯಸ್ಥರೂ ಇದ್ದಾರೆ. ಮಾಲಿನ ಒಂದು ತುಂಡನ್ನು ಇಬ್ಬರ ಸಹಿಯ ಚೀಟಿಯೊಡನೆ ಮೂರು ತಿಂಗಳು ಇರಿಸಿಕೊಂಡರೆ ಬಹುತೇಕ ವಿವಾದಗಳು ಸಂಸ್ಥೆಯ ಹಿರಿಯರ ಮುಂದೆಯೇ ಅರ್ಧ ಗಂಟೆಯಲ್ಲಿ ಇತ್ಯರ್ಥವಾಗುತ್ತವೆ. ಅದಕ್ಕೆ ಬೇಕಾದ ಸಲಕರಣೆ ಎಂದರೆ ಒಂದು ಮೈಕ್ರೋಮೀಟರ್, ಒಂದು ನಿಖರವಾದ ತಕ್ಕಡಿ. ಇವೆರಡೂ ಕಚೇರಿಯಲ್ಲಿದ್ದು, ಸಣ್ಣ ಕಾರ್ಖಾನೆಯವರು ಮಾಲು ಇಳಿಸಿಕೊಳ್ಳುವ ಮೊದಲೇ ಬಂದು ಅಳೆದು ನೋಡುವಂತಿರಬೇಕು.

ಮೊದಲ ವರ್ಷ ತಗಡು, ಪ್ಲಾಸ್ಟಿಕ್ ಕಾಳು ಮತ್ತು ಜವಳಿ ಈ ಮೂರಕ್ಕೆ ಮಾತ್ರ ಇದನ್ನು ಅನ್ವಯಿಸಿದರೆ ಸಾಕು. ಐಎಸ್‌ಐ ಗುರುತು ಕಡ್ಡಾಯವಾದ ಸಿಮೆಂಟು, ವಿದ್ಯುತ್ ತಂತಿ, ಹೆಲ್ಮೆಟ್ಟುಗಳನ್ನು ಈ ಪಟ್ಟಿಗೆ ಸೇರಿಸುವಂತಿಲ್ಲ. ನಮ್ಮ ಕೈಗಾರಿಕಾ ಪ್ರದೇಶದ ಔಷಧ ಘಟಕಗಳ ಉತ್ಪನ್ನವನ್ನಂತೂ ಸರ್ವಥಾ ಸೇರಿಸಬಾರದು. ಅವುಗಳಲ್ಲಿ ಮಾನಕ್ಕೆ ಹೊಂದದ ಮಾಲಿಗೆ ಎರಡನೇ ದರ್ಜೆ ಎಂಬುದೇ ಇಲ್ಲ, ಎಷ್ಟು ಸ್ಪಷ್ಟವಾಗಿ ಬಿಲ್ಲು ಬರೆದರೂ ಅದನ್ನು ಮಾರುವ ಅಧಿಕಾರ ಯಾರಿಗೂ ಇಲ್ಲ.